ಇಂಗಾಲದ ಡೈಆಕ್ಸೈಡ್‌ನಿಂದ ಮೀಥೇನ್: ನಿಕ್ಕಲ್ ಪಡುವ ಪಾಡು

ಇಂಗಾಲದ ಡೈಆಕ್ಸೈಡ್‌ನ ಒಂದು ಅಣುವಿಗೆ ಜಲಜನಕದ ನಾಲ್ಕು ಅಣುಗಳನ್ನು ಸೇರಿಸಿದರೆ ಮೀಥೇನ್‌ನ ಒಂದು ಅಣುವೂ ನೀರಿನ ಎರಡು ಅಣುಗಳೂ ಸಿಗುತ್ತವೆ. ಕಾಗದದ ಮೇಲೆ ಲೆಕ್ಕ ಇಷ್ಟೇ. ಉರಿದು ಮುಗಿದ ಇಂಗಾಲವನ್ನು ಮತ್ತೆ ಉರಿಯುವಂತೆ ಮಾಡುವ ಈ ಕ್ರಿಯೆ ಗೊತ್ತಾಗಿ ನೂರಿಪ್ಪತ್ತು ವರ್ಷಗಳ ಮೇಲಾಯಿತು. ಆದರೂ ಇದಕ್ಕೊಂದು ಹೊಸ ವೇಗವರ್ಧಕ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಸಿಕ್ಕಿತೆಂಬ ಸುದ್ದಿ ಇಂದಿಗೂ ಬರುತ್ತಲೇ ಇರುತ್ತದೆ. ಹಳೆಯದು ಅಷ್ಟು ಕೆಟ್ಟದ್ದೇ? ಖಂಡಿತ ಇಲ್ಲ. ನಿಕ್ಕಲ್ ಈ ಕೆಲಸವನ್ನು 1902ರಲ್ಲೇ ಮಾಡಿ ತೋರಿಸಿತ್ತು. ತೊಂದರೆ ಇರುವುದು ಬೇರೆ ಕಡೆ. ಕ್ರಿಯೆ ಒಮ್ಮೆ ಹಿಡಿದುಕೊಂಡರೆ ಅತಿಯಾಗಿ ನಡೆಯುತ್ತದೆ. ಹಾಗೆ ನಡೆಯುವಾಗ ಹುಟ್ಟುವ ಶಾಖ ವೇಗವರ್ಧಕವನ್ನೇ ಕೆಡಿಸುತ್ತದೆ.

ಈ ಕಥೆಗೊಂದು ಪೂರ್ವಪೀಠಿಕೆ ಇದೆ. 1890ರಲ್ಲಿ ಲುಡ್ವಿಗ್ ಮಾಂಡ್ ಮತ್ತು ಅವರ ಸಹೋದ್ಯೋಗಿಗಳು ನಿಕ್ಕಲ್ ಪುಡಿಯ ಮೇಲೆ ಇಂಗಾಲದ ಮಾನಾಕ್ಸೈಡ್ ಹರಿಸಿದಾಗ ಲೋಹವೇ ಅನಿಲದ ಜೊತೆ ಹೊರಟುಬಿಡುವುದನ್ನು ಕಂಡರು. ಹಾಗೆ ಹುಟ್ಟಿದ ನಿಕ್ಕಲ್ ಕಾರ್ಬೊನಿಲ್ ಕೇವಲ 43 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಕಡುವಿಷ. ಫ್ರಾನ್ಸಿನ ತುಲೂಸ್‌ನಲ್ಲಿದ್ದ ಪಾಲ್ ಸಬಾಟಿಯೆ ಇದರಿಂದ ಚುರುಕಾದರು. ಒಂದು ಅನಿಲ ನಿಕ್ಕಲ್‌ನೊಂದಿಗೆ ಹೀಗೆ ಬೆಸೆದುಕೊಳ್ಳುವುದಾದರೆ ಬೇರೆ ಅನಿಲಗಳೂ ಏಕೆ ಬೆಸೆದುಕೊಳ್ಳಬಾರದು? ಅವರು ಝಾಂ-ಬಾಪ್ಟಿಸ್ಟ್ ಸೆಂದೆರೆನ್ಸ್ ಜೊತೆಗೂಡಿ 1897ರಲ್ಲಿ ನಿಕ್ಕಲ್ ಮೇಲೆ ಎಥಿಲೀನ್‌ಗೆ ಜಲಜನಕ ಸೇರಿಸಿದರು, 1902ರಲ್ಲಿ ಇಂಗಾಲದ ಎರಡೂ ಆಕ್ಸೈಡ್‌ಗಳನ್ನು ಮೀಥೇನ್ ಆಗಿಸಿದರು. ಲೋಹದ ಸಣ್ಣ ಪುಡಿಯ ಸಹಾಯದಿಂದ ಜಲಜನಕ ಸೇರಿಸುವ ಈ ವಿಧಾನಕ್ಕಾಗಿ ಸಬಾಟಿಯೆಗೆ 1912ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಬಂತು. ಮಾಂಡ್ ಕಂಡ ಕಾರ್ಬೊನಿಲ್ ಮುಂದೆ ಇನ್ನೊಮ್ಮೆ ತಲೆ ಹಾಕಲಿದೆ, ಆಗ ಅದು ಶತ್ರುವಾಗಿರುತ್ತದೆ.

ಇಂಗಾಲದ ಡೈಆಕ್ಸೈಡ್ ಮತ್ತು ಜಲಜನಕವನ್ನು ಒಂದು ಸೀಸೆಯಲ್ಲಿ ಬೆರೆಸಿಟ್ಟರೆ ವರ್ಷಗಳು ಕಳೆದರೂ ಏನೂ ಆಗುವುದಿಲ್ಲ. ಶಕ್ತಿಯ ಲೆಕ್ಕದಲ್ಲಿ ನೋಡಿದರೆ ಇದು ವಿಚಿತ್ರವೇ. ಮೀಥೇನ್ ಮತ್ತು ನೀರು ಇನ್ನೂ ಕೆಳಗಿನ, ನೆಮ್ಮದಿಯ ಸ್ಥಿತಿ. ಇಂಗಾಲದ ಡೈಆಕ್ಸೈಡ್‌ನ ಒಂದು ಮೋಲ್, ಅಂದರೆ 44 ಗ್ರಾಂ, ಹೀಗೆ ಬದಲಾದರೆ ಸುಮಾರು 165 ಕಿಲೋಜೂಲ್ ಶಾಖ ಹೊರಬರುತ್ತದೆ. ಇಳಿಜಾರು ಕಣ್ಣೆದುರೇ ಇದೆ, ಆದರೆ ಇಳಿಯುವ ಮುನ್ನ ಹತ್ತಬೇಕಾದ ದಿಬ್ಬವೊಂದಿದೆ. ಅಣುವಿನಲ್ಲಿ ಇಂಗಾಲ ನಡುವೆ ಕುಳಿತಿದೆ, ಎರಡು ಬದಿಗೆ ಎರಡು ಆಮ್ಲಜನಕ, ಮೂರೂ ಒಂದೇ ಸರಳರೇಖೆಯಲ್ಲಿ. ಒಂದೊಂದು ಬಂಧವನ್ನು ಮುರಿಯಲೂ ಮೋಲ್‌ಗೆ ಸರಾಸರಿ 800 ಕಿಲೋಜೂಲ್ ಬೇಕು. ಜಲಜನಕದ ಅಣುವೂ ಸುಲಭಕ್ಕೆ ಬಿಚ್ಚಿಕೊಳ್ಳುವುದಲ್ಲ. ಇದರ ಜೊತೆಗೆ ಇಂಗಾಲ ಪೂರ್ತಿ ಉತ್ಕರ್ಷಣಗೊಂಡ ಸ್ಥಿತಿಯಿಂದ ಪೂರ್ತಿ ಅಪಕರ್ಷಣಗೊಂಡ ಸ್ಥಿತಿಗೆ ಬರಬೇಕು, ಅಂದರೆ ಎಂಟು ಎಲೆಕ್ಟ್ರಾನ್‌ಗಳನ್ನು ಪಡೆಯಬೇಕು. ಎಂಟೂ ಒಂದೇ ನೆಗೆತಕ್ಕೆ ಬರುವುದಿಲ್ಲ. ಹಂತ ಹಂತವಾಗಿ ಬರಬೇಕು, ಹಾಗೆ ಬರುವಾಗ ಅರ್ಧ ಬದಲಾದ ತುಣುಕುಗಳನ್ನು ಯಾರಾದರೂ ಹಿಡಿದುಕೊಂಡಿರಬೇಕು.

ಲೋಹದ ಮೇಲ್ಮೈ ಮಾಡುವುದು ಈ ಹಿಡಿದುಕೊಳ್ಳುವ ಕೆಲಸವನ್ನು. ನಿಕ್ಕಲ್ ಮೇಲೆ ಬಿದ್ದ ಜಲಜನಕದ ಅಣು ಎರಡಾಗಿ ಸೀಳಿ, ಒಂಟಿ ಪರಮಾಣುಗಳಾಗಿ ಮೇಲ್ಮೈಯಲ್ಲಿ ಓಡಾಡತೊಡಗುತ್ತದೆ. ಇಂಗಾಲದ ಡೈಆಕ್ಸೈಡ್ ಬಂದು ಕುಳಿತಾಗ ಲೋಹದಿಂದ ಒಂದಿಷ್ಟು ಎಲೆಕ್ಟ್ರಾನ್ ಹರಿದು, ನೆಟ್ಟಗಿದ್ದ ಅಣು ಬಾಗುತ್ತದೆ. ಬಾಗಿದ ಅಣು ಮೊದಲಿನಷ್ಟು ಗಟ್ಟಿಯಲ್ಲ. ಒಂದೊಂದಾಗಿ ಆಮ್ಲಜನಕ ಕಳಚಿ ಜಲಜನಕದ ಜೊತೆ ನೀರಾಗಿ ಹೋಗುತ್ತದೆ, ಉಳಿದ ಇಂಗಾಲಕ್ಕೆ ನಾಲ್ಕು ಜಲಜನಕ ಸೇರಿ ಮೀಥೇನ್ ಹಾರಿಹೋಗುತ್ತದೆ. ಜಾಗ ಖಾಲಿಯಾಗುತ್ತದೆ, ಮುಂದಿನ ಅಣು ಬರುತ್ತದೆ.

ಈ ಹಂತಗಳ ಕ್ರಮದ ಬಗ್ಗೆ ಮಾತ್ರ ರಸಾಯನಶಾಸ್ತ್ರಜ್ಞರ ಜಗಳ ಮುಗಿದಿಲ್ಲ. ಡೈಆಕ್ಸೈಡ್ ಮೊದಲು ಮಾನಾಕ್ಸೈಡ್ ಆಗಿ, ಆಮೇಲೆ ಅದು ಜಲಜನಕ ಪಡೆಯುತ್ತದೆ ಎಂಬುದು ಒಂದು ಪಕ್ಷ. ಇಲ್ಲ, ಆಮ್ಲಜನಕ ಕಳಚುವ ಮುನ್ನವೇ ಜಲಜನಕ ಬಂದು ಸೇರಿ ಫಾರ್ಮೇಟ್ ಎಂಬ ತುಣುಕು ಹುಟ್ಟುತ್ತದೆ, ದಾರಿ ಅಲ್ಲಿಂದ ಸಾಗುತ್ತದೆ ಎಂಬುದು ಇನ್ನೊಂದು ಪಕ್ಷ. ಕ್ರಿಯೆ ನಡೆಯುತ್ತಿರುವಾಗಲೇ ಅವಕೆಂಪು ಬೆಳಕು ಹಾಯಿಸಿ ನೋಡಿದರೆ ಎರಡೂ ತುಣುಕುಗಳು ಕಾಣಿಸುತ್ತವೆ. ಆದರೆ ಕಂಡವೆಲ್ಲ ಕೆಲಸಗಾರರೇ ಆಗಬೇಕಿಲ್ಲ. ಮೇಲ್ಮೈಯಲ್ಲಿ ಗುಂಪುಗುಂಪಾಗಿ ಕಾಣಿಸುವುದು ಮುಂದೆ ಹೋಗಲಾರದೆ ಸಿಕ್ಕಿಕೊಂಡಿರುವ ತುಣುಕೂ ಆಗಿರಬಹುದು. ನಿಜವಾಗಿ ಕೆಲಸ ಸಾಗಿಸುವ ತುಣುಕು ಕ್ಷಣಮಾತ್ರ ಇದ್ದು ಮಾಯವಾಗುವುದರಿಂದಲೇ ಕಣ್ಣಿಗೆ ಬೀಳದೆ ಹೋಗಬಹುದು. ಉತ್ತರ ಲೋಹಕ್ಕೆ ತಕ್ಕಂತೆ, ಅದನ್ನು ಕೂರಿಸಿದ ಆಧಾರವಸ್ತುವಿಗೆ ತಕ್ಕಂತೆ ಬದಲಾಗುತ್ತದೆ ಎಂಬುದೇ ನನಗೆ ಹೆಚ್ಚು ನಂಬಲರ್ಹವಾಗಿ ಕಾಣುವ ಮಾತು.

ಹಾಗಾದರೆ ಯಾವ ಲೋಹ? ಇಲ್ಲಿ ಮತ್ತೆ ಸಬಾಟಿಯೆ ಹೆಸರು ಬರುತ್ತದೆ. ವೇಗವರ್ಧಕ ಮತ್ತು ಅಣುವಿನ ನಡುವಿನ ನಂಟು ತೀರ ಸಡಿಲವಾಗಿದ್ದರೆ ಅಣು ಬಂದು ನಿಲ್ಲುವುದೇ ಇಲ್ಲ, ತೀರ ಬಿಗಿಯಾಗಿದ್ದರೆ ಬಂದದ್ದು ಬಿಟ್ಟು ಹೋಗುವುದಿಲ್ಲ. ಬಿಟ್ಟೂ ಬಿಡದ ಈ ನಡುವಿನ ಸ್ಥಿತಿಯನ್ನೇ ಇಂದು ಸಬಾಟಿಯೆ ತತ್ವ ಎನ್ನುತ್ತಾರೆ. ತಾಮ್ರ ಇಂಗಾಲದ ಮಾನಾಕ್ಸೈಡನ್ನು ಸಡಿಲವಾಗಿ ಹಿಡಿಯುತ್ತದೆ, ಉಳಿದ ಇಂಗಾಲ–ಆಮ್ಲಜನಕ ಬಂಧವನ್ನು ಮುರಿಯಲಾರದು. ಹಾಗಾಗಿ ತಾಮ್ರ ಮತ್ತು ಸತುವಿನ ಆಕ್ಸೈಡ್ ಸೇರಿದ ವೇಗವರ್ಧಕದಿಂದ ಮೀಥೇನ್ ಬದಲು ಮೆಥನಾಲ್ ಬರುತ್ತದೆ. ಕೈಗಾರಿಕೆಗೆ ಅದೂ ಬೇಕಾದದ್ದೇ. ಕಬ್ಬಿಣ ಇಂಗಾಲವನ್ನು ಬಿಗಿಯಾಗಿ ಹಿಡಿದು ಒಂದಕ್ಕೊಂದು ಪೋಣಿಸಿ ಉದ್ದ ಸರಪಳಿಗಳನ್ನು ಕಟ್ಟುತ್ತದೆ. ನಿಕ್ಕಲ್, ರುಥೇನಿಯಂ, ರೋಡಿಯಂ, ಕೋಬಾಲ್ಟ್ ಮೀಥೇನ್‌ನ ಕಡೆಗೆ ಒಲಿದ ಲೋಹಗಳು. ಇವುಗಳಲ್ಲಿ ರುಥೇನಿಯಂ ಚುರುಕು. ನಿಕ್ಕಲ್ ಇನ್ನೂ ಮಂಕಾಗಿರುವ ಕಡಿಮೆ ಉಷ್ಣತೆಯಲ್ಲೇ ಅದು ಕೆಲಸ ಹಿಡಿಯುತ್ತದೆ. ಆದರೆ ರುಥೇನಿಯಂ ಪ್ಲಾಟಿನಂ ಬಳಗದ ಅಪರೂಪದ ಲೋಹ, ಟನ್ನುಗಟ್ಟಲೆ ಸುರಿಯಲು ಯಾರ ಕೈಯಲ್ಲೂ ಆಗುವುದಿಲ್ಲ. ಹಾಗಾಗಿ ಮಾತು ಎಲ್ಲಿಂದ ಶುರುವಾದರೂ ನಿಕ್ಕಲ್‌ಗೇ ಬಂದು ನಿಲ್ಲುತ್ತದೆ.

ನಿಕ್ಕಲ್ ಗಟ್ಟಿಯನ್ನು ಹಾಗೇ ಇಟ್ಟರೆ ಲೋಹದ ಬಹುಪಾಲು ಒಳಗೇ ವ್ಯರ್ಥವಾಗುತ್ತದೆ, ಕೆಲಸ ಮಾಡುವುದು ಹೊರಮೈ ಮಾತ್ರ. ಅದಕ್ಕೇ ಅದನ್ನು ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಒಂದು ರಂಧ್ರಮಯ ಆಧಾರದ ಮೇಲೆ ಹರಡುತ್ತಾರೆ. ಸಾಮಾನ್ಯ ಆಧಾರ ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಅದರ ಒಂದು ಗ್ರಾಂ ಪುಡಿಯ ಒಳ–ಹೊರ ಮೇಲ್ಮೈಯನ್ನೆಲ್ಲ ಬಿಡಿಸಿ ಹಾಸಿದರೆ ನೂರು ಚದರ ಮೀಟರ್ ಮೀರುತ್ತದೆ. ತಯಾರಿಸುವ ಕ್ರಮ ಕೇಳಿದರೆ ಸರಳವೆನಿಸುತ್ತದೆ. ನಿಕ್ಕಲ್ ನೈಟ್ರೇಟ್ ದ್ರಾವಣದಲ್ಲಿ ಅಲ್ಯುಮಿನಾ ನೆನೆಸಿ, ಒಣಗಿಸಿ, ಕಾಯಿಸಿದರೆ ನಿಕ್ಕಲ್ ಆಕ್ಸೈಡ್ ಉಳಿಯುತ್ತದೆ. ಅದನ್ನು ಜಲಜನಕದಲ್ಲಿ ಕಾಯಿಸಿ ಲೋಹವಾಗಿಸಬೇಕು. ಹೀಗೆ ಎಚ್ಚೆತ್ತ ಸಣ್ಣ ನಿಕ್ಕಲ್‌ಗೆ ಗಾಳಿ ತಾಕಿದರೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು, ಆದ್ದರಿಂದ ಈ ಕೊನೆಯ ಹಂತವನ್ನು ಹೆಚ್ಚಾಗಿ ರಿಯಾಕ್ಟರ್ ಒಳಗೇ ಮುಗಿಸುತ್ತಾರೆ. ಕಾಯಿಸುವಾಗ ಉಷ್ಣತೆ ಏರಿಸಿದರೂ ಕಷ್ಟವೇ: ನಿಕ್ಕಲ್ ಅಲ್ಯುಮಿನಾದೊಳಗೆ ಹೊಕ್ಕು ನಿಕ್ಕಲ್ ಅಲ್ಯುಮಿನೇಟ್ ಆಗಿಬಿಡುತ್ತದೆ, ಅಲ್ಲಿಂದ ಅದನ್ನು ಮತ್ತೆ ಲೋಹವಾಗಿ ಹೊರತೆಗೆಯುವುದು ಹರಸಾಹಸ.

ಆಧಾರ ಎಂದ ಮಾತ್ರಕ್ಕೆ ಅದು ಸುಮ್ಮನೆ ಹೊತ್ತು ನಿಂತಿರುವ ಪೀಠವಲ್ಲ. ಇಂಗಾಲದ ಡೈಆಕ್ಸೈಡ್ ಆಮ್ಲೀಯ ಸ್ವಭಾವದ ಅನಿಲ. ಮೆಗ್ನೀಷಿಯಂ, ಲ್ಯಾಂಥನಂ ಮುಂತಾದವುಗಳ ಪ್ರತ್ಯಾಮ್ಲೀಯ ಆಕ್ಸೈಡ್‌ಗಳು ಬೆರೆತ ಆಧಾರ ಅದನ್ನು ಹಿಡಿದು ನಿಕ್ಕಲ್ ಕಣದ ಬದಿಗೇ ತಂದಿಡುತ್ತದೆ. ಸೀರಿಯಂ ಆಕ್ಸೈಡ್ ಇನ್ನೂ ಜಾಣ. ಅದು ತನ್ನ ಆಮ್ಲಜನಕದ ಕೆಲವು ಪರಮಾಣುಗಳನ್ನು ಸುಲಭವಾಗಿ ಬಿಟ್ಟುಕೊಟ್ಟು ಖಾಲಿ ಜಾಗಗಳನ್ನು ಉಳಿಸಿಕೊಳ್ಳುತ್ತದೆ. ಬಂದ ಡೈಆಕ್ಸೈಡ್ ತನ್ನ ಆಮ್ಲಜನಕವನ್ನು ಆ ಜಾಗಕ್ಕೆ ಚುಚ್ಚಿ ಸಡಿಲಗೊಳ್ಳುತ್ತದೆ. ಲೋಹ ಮತ್ತು ಆಧಾರ ಕೂಡುವ ಅಂಚಿನಲ್ಲೇ ಮುಖ್ಯವಾದ ಕೆಲಸವೆಲ್ಲ ನಡೆಯುತ್ತದೆ ಎಂದು ಇಂತಹ ವೇಗವರ್ಧಕಗಳ ಬಗ್ಗೆ ಹಲವರು ವಾದಿಸುವುದು ಇದಕ್ಕೇ.

ಕಣಗಳು ಸಣ್ಣದಾದಷ್ಟೂ ಒಳ್ಳೆಯದು ಎಂದು ಊಹಿಸುವುದು ಸಹಜ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಕೆಲಸ ಈ ಊಹೆಯನ್ನು ಮುರಿಯಿತು. ಸಿಲಿಕಾ ಮೇಲೆ ಕೂರಿಸಿದ ಬೇರೆ ಬೇರೆ ಗಾತ್ರದ ನಿಕ್ಕಲ್ ಕಣಗಳನ್ನು ಹೋಲಿಸಿದಾಗ, ಮೇಲ್ಮೈಯ ಪ್ರತಿ ಪರಮಾಣುವಿನ ಲೆಕ್ಕದಲ್ಲಿ ಸುಮಾರು 2ರಿಂದ 3 ನ್ಯಾನೋಮೀಟರ್ ಕಣಗಳೇ ಮುಂದೆ ನಿಂತವು. ಅದಕ್ಕಿಂತ ಸಣ್ಣವೂ ದೊಡ್ಡವೂ ಹಿಂದೆ ಬಿದ್ದವು. ಕಣ ಕುಗ್ಗಿದಂತೆ ಅದರ ಮೂಲೆ, ಅಂಚು, ಸಮತಲಗಳ ಪ್ರಮಾಣ ಬದಲಾಗುತ್ತದೆ. ಯಾವ ತುಣುಕನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದೂ ಅದರೊಂದಿಗೆ ಬದಲಾಗುತ್ತದೆ. ರೋಡಿಯಂನಲ್ಲಿ ಇದು ಇನ್ನೂ ನಾಟಕೀಯ. ಟೈಟಾನಿಯಂ ಡೈಆಕ್ಸೈಡ್ ಮೇಲೆ ರೋಡಿಯಂ ಗುಂಪಾಗಿದ್ದರೆ ಮೀಥೇನ್ ಕೊಡುತ್ತದೆ, ಪರಮಾಣುಗಳು ಒಂಟಿಯಾಗಿ ಚದುರಿದ್ದರೆ ಮಾನಾಕ್ಸೈಡ್‌ಗೇ ನಿಲ್ಲಿಸುತ್ತದೆ. ಎಂಟು ಎಲೆಕ್ಟ್ರಾನ್‌ಗಳ ಕೆಲಸಕ್ಕೆ ಜಲಜನಕವನ್ನು ಪಕ್ಕದಲ್ಲೇ ಒದಗಿಸುವ ನೆರೆಹೊರೆ ಬೇಕು, ಒಂಟಿ ಪರಮಾಣುವಿಗೆ ಅದಿಲ್ಲ.

ಇಷ್ಟು ನಾಜೂಕಾಗಿ ಕಟ್ಟಿದ್ದನ್ನು ಕೆಡವುವುದು ಶಾಖ. ಮೋಲ್‌ಗೆ 165 ಕಿಲೋಜೂಲ್ ಎಂಬ ಅಂಕಿ ಇಲ್ಲಿ ಮತ್ತೆ ಎದುರಾಗುತ್ತದೆ. ಒಂದು ಕಿಲೋ ಮೀಥೇನ್ ತಯಾರಾಗುವಷ್ಟರಲ್ಲಿ ಸುಮಾರು 10 ಮೆಗಾಜೂಲ್ ಶಾಖ ಬಿಡುಗಡೆಯಾಗುತ್ತದೆ. ಈ ಶಾಖ ಎರಡು ರೀತಿ ಕಾಡುತ್ತದೆ. ಮೊದಲನೆಯದು ಸಮತೋಲನದ ಕಾಟ, ಅಂದರೆ ಮುಂದಕ್ಕೂ ಹಿಂದಕ್ಕೂ ನಡೆಯುವ ಕ್ರಿಯೆ ಸರಿಸಮವಾಗಿ ನಿಲ್ಲುವ ಸ್ಥಿತಿಯದು. ಐದು ಅಣುಗಳು ಮೂರಾಗುವ, ಶಾಖ ಹೊರಹಾಕುವ ಕ್ರಿಯೆ ಇದು. ಹೆಚ್ಚು ಒತ್ತಡ, ಕಡಿಮೆ ಉಷ್ಣತೆ ಇದಕ್ಕೆ ಹಿತ. 300 ಡಿಗ್ರಿಯ ಆಸುಪಾಸಿನಲ್ಲಿ ಸಾಧಾರಣ ಒತ್ತಡದಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಡೈಆಕ್ಸೈಡ್ ಬದಲಾಗಬಲ್ಲದು. 500 ಡಿಗ್ರಿ ದಾಟಿದರೆ ಅಂಕಿ ಕುಸಿಯುತ್ತದೆ, ಮೀಥೇನ್ ಬದಲು ಮಾನಾಕ್ಸೈಡ್ ಇಣುಕತೊಡಗುತ್ತದೆ. ಉಷ್ಣತೆ ಇನ್ನೂ ಏರಿದರೆ ಕ್ರಿಯೆ ತಿರುಗಿ ಓಡುತ್ತದೆ; ಮೀಥೇನ್ ಮತ್ತು ಹಬೆಯಿಂದ ಜಲಜನಕ ತೆಗೆಯುವ ಕಾರ್ಖಾನೆಗಳು ನಡೆಯುವುದು ಆ ತಿರುಗುದಾರಿಯಲ್ಲೇ, ಅಲ್ಲಿರುವ ವೇಗವರ್ಧಕವೂ ನಿಕ್ಕಲ್ಲೇ. ದಾರಿ ತೆರೆಯುವುದಷ್ಟೇ ವೇಗವರ್ಧಕದ ಪಾಲಿನ ಕೆಲಸ, ಯಾವ ದಿಕ್ಕಿಗೆ ಹೋಗಬೇಕೆಂದು ಅದು ಹೇಳುವುದಿಲ್ಲ.

ಎರಡನೆಯದು ಕಣಗಳ ಕಾಟ. ಇಂಗಾಲದ ಡೈಆಕ್ಸೈಡ್ ಮತ್ತು ಜಲಜನಕವನ್ನು ಸರಿ ಪ್ರಮಾಣದಲ್ಲಿ ಬೆರೆಸಿ, ತಂಪು ಮಾಡದೆ ವೇಗವರ್ಧಕದ ಮೇಲೆ ಹಾಯಿಸಿದರೆ ಉಷ್ಣತೆ 600 ಡಿಗ್ರಿಯ ಆಚೆಗೆ ಜಿಗಿಯಬಹುದು. ನಿಕ್ಕಲ್ ಕರಗುವುದು 1455 ಡಿಗ್ರಿಯಲ್ಲಾದರೂ, ಅದರ ಪರಮಾಣುಗಳು ಅಡ್ಡಾಡಲು ಅಷ್ಟು ಕಾಯಬೇಕಿಲ್ಲ. ಕೆಲ್ವಿನ್ ಮಾನದಲ್ಲಿ ಕರಗುವ ಬಿಂದುವಿನ ಅರ್ಧ, ಅಂದರೆ ಸುಮಾರು 590 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಲೋಹದ ಒಳಗಿನ ಪರಮಾಣುಗಳೂ ಕದಲುತ್ತವೆ. ಮೇಲ್ಮೈಯವು ಅದಕ್ಕೂ ಎಷ್ಟೋ ಮೊದಲೇ ಹೊರಟಿರುತ್ತವೆ. ನೀರಿನ ಮೇಲೆ ತೇಲುವ ಎಣ್ಣೆಯ ಹನಿಗಳು ಕೂಡಿ ದೊಡ್ಡದಾಗುವ ಹಾಗೆ ನಿಕ್ಕಲ್ ಕಣಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಕ್ರಿಯೆಯಲ್ಲೇ ಹುಟ್ಟುವ ಹಬೆ ಇದನ್ನು ಇನ್ನಷ್ಟು ಅವಸರಗೊಳಿಸುತ್ತದೆ. ಹೀಗೆ ಬೆಳೆದ ಕಣಗಳನ್ನು ಮತ್ತೆ ಹರಡುವುದು ಸುಲಭವಿಲ್ಲ.

ಹಾಗಾದರೆ ತಣ್ಣಗೆ ನಡೆಸೋಣ ಎಂದರೆ ಕೆಳಗಡೆ ಮಾಂಡ್ ಕಂಡ ಕಾರ್ಬೊನಿಲ್ ಹೊಂಚು ಹಾಕಿದೆ. ಸುಮಾರು 200 ಡಿಗ್ರಿಗಿಂತ ಕೆಳಗೆ, ಅನಿಲದಲ್ಲಿ ಮಾನಾಕ್ಸೈಡ್ ಇದ್ದರೆ ನಿಕ್ಕಲ್ ಕಾರ್ಬೊನಿಲ್ ಆಗಿ ಆವಿಯಾಗಬಹುದು. ಲೋಹವೂ ಕಳೆಯುತ್ತದೆ, ಪ್ರಾಣಕ್ಕೂ ಅಪಾಯ. ಆದ್ದರಿಂದ ಇಂತಹ ಘಟಕಗಳಲ್ಲಿ ಉಷ್ಣತೆ ಆ ಮಟ್ಟ ದಾಟುವವರೆಗೆ ಮಾನಾಕ್ಸೈಡ್ ಇರುವ ಅನಿಲವನ್ನು ಒಳಗೆ ಬಿಡುವುದಿಲ್ಲ, ತಣಿಸುವಾಗಲೂ ಅಷ್ಟೇ ಎಚ್ಚರ. ಒಟ್ಟಿನಲ್ಲಿ ಕೆಳಗೊಂದು ಗಡಿ, ಮೇಲೊಂದು ಗಡಿ. ನಡುವಿನ ಕಿರಿದಾದ ಓಣಿಯಲ್ಲಿ ನಿಕ್ಕಲ್ ಬದುಕಬೇಕು.

ಹೀಗಾಗಿ ಇಲ್ಲಿ ರಸಾಯನಶಾಸ್ತ್ರಜ್ಞರಷ್ಟೇ ಕೆಲಸ ಎಂಜಿನಿಯರ್‌ಗಳಿಗೂ ಇದೆ. ಕ್ರಿಯೆಯನ್ನು ಹಲವು ಹಾಸುಗಳಾಗಿ ಒಡೆದು ನಡುನಡುವೆ ಅನಿಲವನ್ನು ತಣಿಸುತ್ತಾರೆ, ಹೊರಬಂದ ಅನಿಲದ ಒಂದು ಪಾಲನ್ನು ಹಿಂದಕ್ಕೆ ತಂದು ಹೊಸ ಅನಿಲವನ್ನು ತೆಳುಗೊಳಿಸುತ್ತಾರೆ, ಇಲ್ಲವೇ ವೇಗವರ್ಧಕ ತುಂಬಿದ ಕೊಳವೆಗಳ ಸುತ್ತ ಕುದಿಯುವ ನೀರನ್ನೋ ಕರಗಿದ ಲವಣವನ್ನೋ ಹರಿಸುತ್ತಾರೆ. ಜರ್ಮನಿಯ ವೆರ್ಲ್ಟೆಯಲ್ಲಿ 2013ರಲ್ಲಿ ಆಡಿ ಕಂಪನಿ ಆರಂಭಿಸಿದ 6 ಮೆಗಾವಾಟ್ ಘಟಕದಲ್ಲಿ ಕರಗಿದ ಲವಣದಿಂದ ತಣಿಸುವ ರಿಯಾಕ್ಟರ್ ಇತ್ತು. ಇಂಗಾಲದ ಡೈಆಕ್ಸೈಡ್ ಪಕ್ಕದ ಜೈವಿಕ ಅನಿಲ ಸ್ಥಾವರದಿಂದ ಬರುತ್ತಿತ್ತು. ಜೈವಿಕ ಅನಿಲ ಎಂದೊಡನೆ ಗಂಧಕದ ಮಾತು ಬರಬೇಕು. ಹೈಡ್ರೋಜನ್ ಸಲ್ಫೈಡ್ ದಶಲಕ್ಷದಲ್ಲಿ ಕೆಲವೇ ಭಾಗ ಇದ್ದರೂ ನಿಕ್ಕಲ್‌ಗೆ ವಿಷ. ಗಂಧಕ ಲೋಹದ ಮೇಲೆ ಕುಳಿತರೆ ಏಳುವುದಿಲ್ಲ. ಅನಿಲವನ್ನು ಮೊದಲೇ ಶುದ್ಧಗೊಳಿಸುವುದೊಂದೇ ದಾರಿ.

ಇದೇ ಕ್ರಿಯೆ ಬೇರೆ ವೇಷಗಳಲ್ಲಿ ಬಹುಕಾಲದಿಂದ ದುಡಿಯುತ್ತಿದೆ. ಅಮೋನಿಯಾ ಕಾರ್ಖಾನೆಗಳಲ್ಲಿ ಜಲಜನಕದೊಳಗೆ ಉಳಿದ ಇಂಗಾಲದ ಆಕ್ಸೈಡ್‌ಗಳ ಲವಲೇಶವೂ ಮುಂದಿನ ಕಬ್ಬಿಣದ ವೇಗವರ್ಧಕವನ್ನು ಕೆಡಿಸುತ್ತದೆ. ನಿಕ್ಕಲ್ ತುಂಬಿದ ಪಾತ್ರೆಯೊಂದರಲ್ಲಿ ಅವನ್ನು ಮೀಥೇನ್ ಮಾಡಿಬಿಟ್ಟರೆ ಕಾಟ ತಪ್ಪುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2010ರಲ್ಲಿ ಸಬಾಟಿಯೆ ಘಟಕ ಹೋಯಿತು. ಅಲ್ಲಿ ಬೇಕಾಗಿದ್ದದ್ದು ನೀರು. ಯಾತ್ರಿಗಳು ಉಸಿರಾಡಿ ಬಿಟ್ಟ ಡೈಆಕ್ಸೈಡ್‌ನಿಂದ ನೀರು ಪಡೆದು, ಮೀಥೇನನ್ನು ಹೊರಗೆ ಶೂನ್ಯಕ್ಕೆ ಬಿಡುವ ಏರ್ಪಾಟು ಅದು. ಮಂಗಳನ ವಾತಾವರಣದಲ್ಲಿ ನೂರಕ್ಕೆ 95ರಷ್ಟು ಇಂಗಾಲದ ಡೈಆಕ್ಸೈಡ್ ಇರುವುದರಿಂದ, ಹಿಂದಿರುಗುವ ರಾಕೆಟ್‌ಗೆ ಅಲ್ಲೇ ಇಂಧನ ಮಾಡುವ ಯೋಜನೆಗಳಲ್ಲೂ ಈ ಕ್ರಿಯೆಯೇ ಮುಂಚೂಣಿಯಲ್ಲಿದೆ.

ಭೂಮಿಯ ಮೇಲಿನ ಆಸೆ ಬೇರೆ. ಗಾಳಿ, ಬಿಸಿಲಿನ ವಿದ್ಯುತ್ ಹೆಚ್ಚಾದಾಗ ನೀರನ್ನು ಒಡೆದು ಜಲಜನಕ ಮಾಡಿ, ಅದನ್ನು ಮೀಥೇನ್ ಆಗಿಸಿ ಈಗಿರುವ ಅನಿಲ ಕೊಳವೆಗಳಲ್ಲೇ ತುಂಬಿಡುವುದು. ಇದರ ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಮೀಥೇನ್‌ಗೆ ಅರ್ಧ ಕಿಲೋ ಜಲಜನಕ ಮತ್ತು 2.75 ಕಿಲೋ ಇಂಗಾಲದ ಡೈಆಕ್ಸೈಡ್ ಬೇಕು, ಜೊತೆಗೆ 2.25 ಕಿಲೋ ನೀರು ಬರುತ್ತದೆ. ಒಂದು ಕಿಲೋ ಜಲಜನಕಕ್ಕೆ ಇಂದಿನ ಯಂತ್ರಗಳು 50ರಿಂದ 55 ಯೂನಿಟ್ ವಿದ್ಯುತ್ ಕುಡಿಯುತ್ತವೆ. ಅಂದರೆ ಮೀಥೇನ್‌ನ ಕಿಲೋಗೆ 25 ಯೂನಿಟ್‌ಗಿಂತ ಕಡಿಮೆಯಿಲ್ಲ. ಆ ಮೀಥೇನ್ ಉರಿದಾಗ ಸಿಗುವುದು ಸುಮಾರು 14 ಯೂನಿಟ್ ಶಾಖ. ಅದರಿಂದ ಮತ್ತೆ ವಿದ್ಯುತ್ ಮಾಡಿದರೆ ಮೊದಲು ಹಾಕಿದ್ದರಲ್ಲಿ ಮೂರರಲ್ಲೊಂದು ಪಾಲು ಕೈಗೆ ಬಂದರೆ ಹೆಚ್ಚು.

ಯಾವ ಹೊಸ ವೇಗವರ್ಧಕವೂ ಈ ಲೆಕ್ಕದ ದೊಡ್ಡ ಭಾಗವನ್ನು ಅಲುಗಾಡಿಸಲಾರದು. ನಾಲ್ಕು ಜಲಜನಕ ಅಣುಗಳಲ್ಲಿ ಎರಡು ನೀರಾಗಿಯೇ ಹೋಗುತ್ತವೆ. ನೀರಿನಿಂದ ಕಷ್ಟಪಟ್ಟು ಬಿಡಿಸಿದ್ದರಲ್ಲಿ ಅರ್ಧ ಮತ್ತೆ ನೀರು. ಅದು ಸಮೀಕರಣದಲ್ಲೇ ಬರೆದಿಟ್ಟ ನಷ್ಟ. ಉಳಿತಾಯಕ್ಕೆ ದಾರಿ ಇರುವುದು ಶಾಖದಲ್ಲಿ. ಕ್ರಿಯೆಯಿಂದ ಬರುವ ಶಾಖದಿಂದ ಹಬೆ ಎಬ್ಬಿಸಿ, ಆ ಹಬೆಯನ್ನೇ ಹೆಚ್ಚು ಉಷ್ಣತೆಯ ವಿದ್ಯುದ್ವಿಭಜನೆಗೆ, ಅಂದರೆ ವಿದ್ಯುತ್ತಿನಿಂದ ನೀರನ್ನು ಒಡೆಯುವ ಕೆಲಸಕ್ಕೆ, ಕೊಟ್ಟರೆ ವಿದ್ಯುತ್ ಬಹಳಷ್ಟು ಮಿಗುತ್ತದೆ. ಹವಾಮಾನದ ದೃಷ್ಟಿಯಿಂದಲೂ ಇಲ್ಲಿ ಮಾತು ತೂಗಿ ಆಡಬೇಕು. ಈ ಮೀಥೇನ್ ಉರಿದಾಗ ಹಿಡಿದ ಡೈಆಕ್ಸೈಡ್ ಪೂರ್ತಿಯಾಗಿ ಮರಳಿ ಗಾಳಿಗೆ ಹೋಗುತ್ತದೆ. ಹೊಸ ಪಳೆಯುಳಿಕೆ ಅನಿಲ ಅಗೆಯುವುದು ತಪ್ಪಿತೆಂಬುದಷ್ಟೇ ಲಾಭ. ಕೊಳವೆಯಲ್ಲಿ ಸೋರಿದರಂತೂ ಆ ಲಾಭವೂ ಕರಗುತ್ತದೆ, ಏಕೆಂದರೆ ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ತನ್ನಷ್ಟೇ ತೂಕದ ಡೈಆಕ್ಸೈಡ್‌ಗಿಂತ 27 ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿ ಮಾಡುತ್ತದೆ.

ಜಲಜನಕವನ್ನು ಮೊದಲು ಬೇರೆಯಾಗಿ ತಯಾರಿಸದೆ ನೇರವಾಗಿ ಹೋಗುವ ದಾರಿಗಳೂ ಇವೆ. ಜಪಾನಿನ ಯೋಶಿಯೊ ಹೋರಿ ಮತ್ತು ಸಂಗಡಿಗರು 1985ರಲ್ಲಿ, ತಾಮ್ರದ ವಿದ್ಯುದಗ್ರದ ಮೇಲೆ ನೀರಿನಲ್ಲೇ ಇಂಗಾಲದ ಡೈಆಕ್ಸೈಡ್‌ನಿಂದ ಮೀಥೇನ್ ಬರುವುದನ್ನು ತೋರಿಸಿದರು. ಬಿಸಿ ಅನಿಲದಲ್ಲಿ ಮೆಥನಾಲ್‌ಗೆ ನಿಲ್ಲಿಸುವ ತಾಮ್ರ ಇಲ್ಲಿ ಮೀಥೇನ್ ಕೊಡುತ್ತದೆ, ಸಾಲದ್ದಕ್ಕೆ ಎಥಿಲೀನ್ ಮುಂತಾದವನ್ನೂ ಬೆರೆಸಿ ಕೊಡುತ್ತದೆ. ಬೇರ್ಪಡಿಸುವ ತಲೆನೋವು ಅಲ್ಲಿಂದ ಶುರು. ಇನ್ನೊಂದೆಡೆ ಆರ್ಕಿಯ ಎಂಬ ಸೂಕ್ಷ್ಮಜೀವಿಗಳು ಈ ಕೆಲಸವನ್ನು ಮನುಷ್ಯ ಹುಟ್ಟುವ ಎಷ್ಟೋ ಮೊದಲೇ ಕರಗತ ಮಾಡಿಕೊಂಡಿದ್ದವು. ಅವುಗಳಲ್ಲಿ ಕೆಲವು 60ರಿಂದ 65 ಡಿಗ್ರಿಯಲ್ಲಿ ಜಲಜನಕ ಮತ್ತು ಡೈಆಕ್ಸೈಡ್ ತಿಂದು ಮೀಥೇನ್ ಬಿಡುತ್ತವೆ. ಅವುಗಳ ಕಿಣ್ವದ ನಡುವೆ, ಕೊನೆಯ ಹಂತ ನಡೆಯುವ ಜಾಗದಲ್ಲಿ ಕುಳಿತಿರುವುದೂ ಒಂದು ನಿಕ್ಕಲ್ ಪರಮಾಣು! ಆದರೆ ಜಲಜನಕ ನೀರಿನಲ್ಲಿ ಕರಗುವುದು ಅತ್ಯಲ್ಪ. ಜೀವಿಗಳ ಬಾಯಿಗೆ ಅದನ್ನು ತಲುಪಿಸುವುದರಲ್ಲೇ ಸಮಯವೂ ತೊಟ್ಟಿಯ ಗಾತ್ರವೂ ಹೋಗುತ್ತವೆ.

ಇನ್ನು ಮುಂದೆ ಹೊಸ ವೇಗವರ್ಧಕದ ಸುದ್ದಿ ಬಂದಾಗ ಯಾವ ಅಂಕಿಯನ್ನು ಹುಡುಕಬೇಕು? ನೂರಕ್ಕೆ ಇಷ್ಟು ಪರಿವರ್ತನೆ ಎಂಬ ದಪ್ಪಕ್ಷರದ ಅಂಕಿ ಹೆಚ್ಚೇನೂ ಹೇಳುವುದಿಲ್ಲ. ಅನಿಲವನ್ನು ಸಾಕಷ್ಟು ನಿಧಾನವಾಗಿ ಹಾಯಿಸಿದರೆ ಯಾವ ವೇಗವರ್ಧಕವಾದರೂ ಸಮತೋಲನ ಮುಟ್ಟುತ್ತದೆ. ಆಮೇಲೆ ಒಳ್ಳೆಯದೂ ಸಾಧಾರಣದ್ದೂ ಒಂದೇ ಅಂಕ ತೋರಿಸುತ್ತವೆ. ಒಂದು ಗ್ರಾಂ ಲೋಹದ ಮೇಲೆ ಗಂಟೆಗೆ ಎಷ್ಟು ಅನಿಲ ಹಾಯಿತು, ಎಷ್ಟು ಉಷ್ಣತೆಯಲ್ಲಿ, ಎಷ್ಟು ಸಾವಿರ ಗಂಟೆ ಅದು ಹಾಗೆಯೇ ಉಳಿಯಿತು ಎಂಬುದು ಬೇಕು. ಸಿಲಿಂಡರಿನ ಶುದ್ಧ ಅನಿಲದಲ್ಲಿ ಪರೀಕ್ಷಿಸಿದರೋ, ಚಿಮಣಿಯ ಅನಿಲದಲ್ಲೋ ಎಂಬುದೂ ಬೇಕು. ಇವಕ್ಕೆಲ್ಲ ಈಗ ಒಂದು ಹೊಸ ಪರೀಕ್ಷೆ ಸೇರಿದೆ. ಗಾಳಿ ನಿಂತಾಗ, ಮೋಡ ಕವಿದಾಗ ಜಲಜನಕದ ಹರಿವು ನಿಲ್ಲುತ್ತದೆ, ಮರುಕ್ಷಣ ಭರದಿಂದ ಬರುತ್ತದೆ. ಸ್ಥಿರವಾಗಿ ನಡೆಯುವ ಕಾರ್ಖಾನೆಗೆಂದು ರೂಪುಗೊಂಡ ನಿಕ್ಕಲ್ ದಿನಕ್ಕೆ ಹಲವು ಬಾರಿ ಕಾದು ತಣಿಯಬೇಕಾಗುತ್ತದೆ. ಜಲಜನಕ ಇಲ್ಲದ ಹೊತ್ತಿನಲ್ಲಿ ಉಳಿದ ಡೈಆಕ್ಸೈಡ್ ಮತ್ತು ಹಬೆಯ ನಡುವೆ ಅದರ ಮೇಲ್ಮೈ ಆಕ್ಸೈಡ್ ಆಗತೊಡಗುತ್ತದೆ. ರುಥೇನಿಯಂ ಜೊತೆ ಸುಣ್ಣ ಅಥವಾ ಸೋಡಿಯಂ ಆಕ್ಸೈಡನ್ನು ಒಂದೇ ಅಲ್ಯುಮಿನಾ ಮೇಲೆ ಕೂರಿಸಿ, ಚಿಮಣಿ ಅನಿಲದಿಂದ ಡೈಆಕ್ಸೈಡನ್ನು ಮೊದಲು ಹೀರಿಸಿಟ್ಟು, ಜಲಜನಕ ಬಂದಾಗ ಮಾತ್ರ ಮೀಥೇನ್ ಮಾಡುವ ಪ್ರಯತ್ನಗಳು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆದಿವೆ. ಅವರು ದುಬಾರಿ ರುಥೇನಿಯಂ ಆರಿಸಿಕೊಂಡದ್ದಕ್ಕೂ ಇಲ್ಲೇ ಕಾರಣವಿದೆ. ಚಿಮಣಿ ಅನಿಲದಲ್ಲಿ ಆಮ್ಲಜನಕ ಇರುತ್ತದೆ, ಅದು ಎರಡೂ ಲೋಹಗಳನ್ನು ಆಕ್ಸೈಡ್ ಮಾಡುತ್ತದೆ. ಜಲಜನಕ ಬಂದೊಡನೆ ಆ ಕಡಿಮೆ ಉಷ್ಣತೆಯಲ್ಲೇ ರುಥೇನಿಯಂ ಮತ್ತೆ ಲೋಹವಾಗಿ ಕೆಲಸಕ್ಕೆ ನಿಲ್ಲುತ್ತದೆ, ನಿಕ್ಕಲ್ ಅಷ್ಟು ಬೇಗ ಏಳುವುದಿಲ್ಲ.